ಕಂಬ ಕಟ್ಟಿದ ಕಂಪ್ಯೂಟರ್

ಗುಮಾಸ್ತನ ಮಾನ ಹೋದದ್ದು ಒಂದು ಬಾಗಿಲ ಬಳಿ. ಅದು ಕಚೇರಿಯ ಬಾಗಿಲಲ್ಲ, ಮನೆಯ ಬಾಗಿಲೂ ಅಲ್ಲ. ಕಂಪ್ಯೂಟರ್ ಆಟದೊಳಗಿನ ಒಂದು ಗೋದಾಮಿನ ಬಾಗಿಲು.

ವಿಮಾ ಕಂಪನಿಯ ದಾಖಲೆ ವಿಭಾಗದಲ್ಲಿ ಹದಿನೆಂಟು ವರ್ಷ ಕಡತಗಳ ನಡುವೆ ಕೂತು ಅವನು ಕಡತದ ಬಣ್ಣಕ್ಕೇ ತಿರುಗಿದ್ದ. ಅಂಥವನಿಗೂ, ಶಾಖೆಗಳ ನಡುವೆ ಗೇಮಿಂಗ್ ಪಂದ್ಯ ಏರ್ಪಡಿಸಲಾಗಿದೆ ಎಂಬ ಸುತ್ತೋಲೆ ಬಂದಾಗ ಮೈಯಲ್ಲಿ ಹೊಸ ರಕ್ತ ಹರಿದಂತಾಯಿತು. ಒಂದು ಕಡೆ ಐದು ಜನ, ಎದುರು ಕಡೆ ಐದು ಜನ. ತಂತಮ್ಮ ಮನೆಯಲ್ಲೇ ಕೂತು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಪರದೆಯ ಮೇಲಿನ ಗೋದಾಮನ್ನು ಎದುರಾಳಿಗಳಿಂದ ಕಾಯಬೇಕು. ಮೊದಲ ಪಂದ್ಯದಲ್ಲಿ ಬಾಗಿಲು ಕಾಯುವ ಕೆಲಸ ಅವನಿಗೆ ಬಂತು. ಎದುರಾಳಿಗಳು ನುಗ್ಗಿದರು. ಸರಿಯಾಗಿ ಆ ಗಳಿಗೆಯಲ್ಲೇ ಅವನ ಸೈನಿಕ ನಿಂತಲ್ಲೇ ನಿಂತುಬಿಟ್ಟ. ಕೈಯಲ್ಲಿ ಬಂದೂಕು, ಒಂದು ಕಾಲು ಮುಂದೆ, ಮುಖ ನೇರ. ಪಾಸ್‌ಪೋರ್ಟ್ ಫೋಟೋಗೆ ನಿಂತವನ ಹಾಗೆ. ಎದುರಾಳಿಗಳು ಮೊದಲು ಹೆದರಿದರು. ಆಮೇಲೆ ಅನುಮಾನಪಟ್ಟರು. ಕೊನೆಗೆ ಅವನ ಬೆನ್ನ ಹಿಂದೆಯೇ ಅಡಗಿ ಕೂತು ಉಳಿದ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಮುಗಿಸಿದರು.

ಕಂಪ್ಯೂಟರ್ ಹಳೆಯದು, ಅದೇ ಕೈ ಕೊಟ್ಟಿತು ಅಂತ ಗುಮಾಸ್ತ ಹೇಳಿದ. ಕೇಳುವವರು ಯಾರು? ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೆಡ್‌ಕ್ಲರ್ಕ್ ಅವನನ್ನು "ಕಂಬ" ಅಂದರು. ಹನ್ನೊಂದಕ್ಕೆ ತಂಡದಲ್ಲೇ ಇದ್ದ ಕ್ಯಾಶಿಯರ್ ಅಂದಳು. ಮಧ್ಯಾಹ್ನದ ಹೊತ್ತಿಗೆ ಅದೇ ತಂಡದವನಾದ ಕಚೇರಿಯ ಡ್ರೈವರ್ ಬಾಗಿಲಲ್ಲಿ ಇಣುಕಿ, "ಕಂಬ ಸಾರ್, ನಿಮಗೆ ಫೋನು" ಅಂದ. ಕಂಬಕ್ಕಿಂತ ಆ ಸಾರ್ ಹೆಚ್ಚು ಚುಚ್ಚಿತು.

ಒಂದೇ ಸಮಾಧಾನವೆಂದರೆ ಈ ಹೆಸರು ಇನ್ನೂ ಮನೆಗೆ ಮುಟ್ಟಿರಲಿಲ್ಲ. ಮುಟ್ಟಿದರೆ ಮುಗಿಯಿತು. ಕಚೇರಿಯ ಹೆಸರು ಸಂಜೆ ಐದಕ್ಕೆ ಬಿಟ್ಟುಹೋಗುತ್ತದೆ, ಹೆಂಡತಿ ಹಿಡಿದ ಹೆಸರು ಬಿಡುವುದುಂಟೆ?

ತಂಡದ ನಾಯಕರಾದ ಹೆಡ್‌ಕ್ಲರ್ಕ್ ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಏನ್ರೀ ನಿಮ್ಮ ಕತೆ? ಆಟದ ಪುಟದಲ್ಲಿ ನಿಮ್ಮ ಹೆಸರಿನ ಮುಂದಿರೋ ಗೆಲುವು ನೋಡಿದ್ರೆ ಹುಲಿ. ಗೆದ್ದಿದ್ದೇ ಗೆದ್ದಿದ್ದು. ಅದನ್ನ ನೋಡೇ ನಿಮ್ಮನ್ನ ತಗೊಂಡಿದ್ದು ನಾನು. ಪಂದ್ಯಕ್ಕೆ ಬಂದ್ರೆ ಮಾತ್ರ ಕಂಬ!"

"ಅದೇ ಹೇಳ್ತಿರೋದು ಸಾರ್. ಒಂದೊಂದಿನ ಮೆಷೀನು ಚೆನ್ನಾಗಿರುತ್ತೆ, ಗೆಲ್ತೀನಿ. ಪಂದ್ಯದ ದಿನಾನೇ ಅದಕ್ಕೆ ರೋಗ ಬರುತ್ತೆ."

"ಹಾಗಾದ್ರೆ ಮೆಷೀನು ಬದಲಾಯಿಸಿ. ಎರಡನೇ ಪಂದ್ಯ ನಾವು ನಾಲ್ವರೇ ಆಡಿ ಗೆದ್ದಿದ್ದಕ್ಕೆ ಉಳ್ಕೊಂಡಿದ್ದೀವಿ. ಶನಿವಾರ ಸಂಜೆ ಐದಕ್ಕೆ ಸೆಮಿಫೈನಲ್, ಗೆದ್ರೆ ಅವತ್ತೇ ಫೈನಲ್. ಅವತ್ತೂ ನಿಂತ್ರೆ ನಿಮ್ಮ ಜಾಗಕ್ಕೆ ನಮ್ಮ ವಾಚ್‌ಮನ್ ಬರ್ತಾನೆ. ಬರೀ ನಿಂತ್ಕೊಳ್ಳೋದೇ ಆದ್ರೆ, ಅದಕ್ಕೆ ಅಂತಲೇ ಸಂಬಳ ತಗೊಳ್ಳೋನು ನಿಂತ್ಕೊಳ್ಳಲಿ."

ಹಾಗಾಗಿ ಶನಿವಾರ ಬೆಳಿಗ್ಗೆ ಎಂಟಕ್ಕೇ ಗುಮಾಸ್ತನ ಮನೆಯ ಹಾಲು ಆಪರೇಷನ್ ಥಿಯೇಟರ್ ಆಗಿತ್ತು. ಸ್ಪ್ರಿಂಗ್ ಹೊರಗೆ ಬಂದ ಸೋಫಾದ ಮೇಲೆ ಕಂಪ್ಯೂಟರಿನ ಅಂಗಾಂಗಗಳು ಸಾಲಾಗಿ ಮಲಗಿದ್ದವು. ಆ ಸೋಫಾ ಬದಲಾಯಿಸಲು ಕೂಡಿಟ್ಟ ಹಣದಲ್ಲೇ ಅವು ಬಂದಿದ್ದವು ಎಂಬುದು ಸ್ಪ್ರಿಂಗಿಗೂ ಗೊತ್ತಿದ್ದಂತಿತ್ತು, ಕೂತಾಗಲೆಲ್ಲ ಚುಚ್ಚುತ್ತಿತ್ತು.

ನರ್ಸ್ ಆಗಿದ್ದ ಹೆಂಡತಿ ಡ್ಯೂಟಿಗೆ ಹೊರಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ಹಾಲನ್ನೆಲ್ಲ ನೋಡಿದಳು.

"ರೀ, ಸಂಜೆ ನಾನು ಬರೋ ಹೊತ್ತಿಗೆ ಇದು ಹಾಲ್ ಥರ ಇರ್ಬೇಕು."

"ಹನ್ನೊಂದಕ್ಕೆಲ್ಲ ಮುಗಿಯುತ್ತೆ ಕಣೇ. ವಾರವೆಲ್ಲ ವಿಡಿಯೋ ನೋಡಿದ್ದೀನಿ."

"ಈಜೋದನ್ನೂ ವಿಡಿಯೋ ನೋಡೇ ಕಲಿತಿದ್ರಿ" ಅಂದು ಅವಳು ಮೆಟ್ಟಿಲಿಳಿದಳು.

ವಿಡಿಯೋ ನೋಡಿ ಅವನು ಕಲಿತದ್ದು ಸುಳ್ಳಲ್ಲ. ಕಡಿಮೆ ದುಡ್ಡಿನಲ್ಲಿ ಪಂದ್ಯದ ಕಂಪ್ಯೂಟರ್ ಕಟ್ಟುವವನು ಅಂದಚಂದಕ್ಕೆ ಮರುಳಾಗಬಾರದು. ಬಣ್ಣದ ದೀಪ ಬೇಡ, ಗಾಜಿನ ಬಾಗಿಲು ಬೇಡ. ಬೇಕಾದದ್ದು ವೇಗ. ಪರದೆಯ ಮೇಲೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತವೆ ಎಂಬುದೇ ಪ್ರಾಣ. ಎದುರಾಳಿಗಳಿಗೆ ಸೆಕೆಂಡಿಗೆ ನೂರನಲವತ್ತು ಚಿತ್ರ ಓಡುವಾಗ ಅವನ ಹಳೆಯದರಲ್ಲಿ ಓಡುತ್ತಿದ್ದದ್ದು ಹದಿನಾಲ್ಕು. ಅವರು ಸಿನಿಮಾ ನೋಡುತ್ತಿದ್ದರು, ಇವನು ಮದುವೆಯ ಆಲ್ಬಮ್ ತಿರುವುತ್ತಿದ್ದ.

ಆದ್ದರಿಂದ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಕೈ ಬಿಚ್ಚಿದ್ದ. ಅದೂ ಯಾರೋ ಬಳಸಿ ಬಿಟ್ಟದ್ದು. ಪ್ರೊಸೆಸರ್‌ನಲ್ಲಿ ಅಗ್ಗದ ಬಗೆಯನ್ನು ಆರಿಸಿದ್ದ. "ಸಾರ್, ಇದಕ್ಕೆ ತಾನಾಗಿ ಚಿತ್ರ ತೋರ್ಸೋಕೆ ಬರಲ್ಲ. ಚಿತ್ರ ಏನಿದ್ರೂ ಕಾರ್ಡಿಂದಾನೇ ಬರ್ಬೇಕು, ನೆನಪಿರಲಿ" ಅಂತ ಸೆಕೆಂಡ್ ಹ್ಯಾಂಡ್ ಅಂಗಡಿಯವನು ಹೇಳಿದ್ದಾಗ, "ಗೊತ್ತು ಗೊತ್ತು" ಅಂದಿದ್ದ. ಇದನ್ನೆಲ್ಲ ಕೂರಿಸುವ ಡಬ್ಬವಂತೂ ಒಂದು ಪಕ್ಕದ ಮುಚ್ಚಳವೇ ಇಲ್ಲದ್ದು. ಹಳೆಯ ಕಂಪ್ಯೂಟರಿನ ಮಾನಿಟರ್, ಕೀಬೋರ್ಡ್, ಆಟವಿದ್ದ ಡಿಸ್ಕ್ ಇಷ್ಟನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಅದೇ ಅಂಗಡಿಗೆ ಕೊಟ್ಟು ಬಂದಿದ್ದ.

"ಹಳೇದನ್ನ ಯಾಕೆ ಕೊಟ್ಟುಬಿಟ್ರಿ ಅಳಿಯಂದಿರೇ? ಚೆನ್ನಾಗೇ ಇತ್ತಲ್ಲ" ಅಂದರು ಅತ್ತೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದು ನಿವೃತ್ತರಾದವರು. ಊರಿಗೆ ಊರೇ ಬೈದುಕೊಳ್ಳುವಾಗ ನಡುವೆ ಕೂತು ತಣ್ಣಗೆ ತಂತಿ ಚುಚ್ಚಿದವರು. ಅವರ ದನಿ ಯಾವತ್ತೂ ಏರಿದ್ದಿಲ್ಲ, ಇಳಿದದ್ದೂ ಇಲ್ಲ.

"ಚೆನ್ನಾಗಿತ್ತಾ! ಅತ್ತೆ, ನಿಮಗೆ ಇದೆಲ್ಲ ಅರ್ಥ ಆಗಲ್ಲ" ಅಂದ ಗುಮಾಸ್ತ, ಪ್ರೀತಿಯಿಂದಲೇ.

ಅತ್ತೆ ಸ್ವೆಟರಿನ ಕುಣಿಕೆ ಎಣಿಸತೊಡಗಿದರು.

ಹನ್ನೊಂದೂ ಕಾಲಿಗೆ ಕೊನೆಯ ಸ್ಕ್ರೂ ಬಿಗಿಯಿತು. ಗುಮಾಸ್ತ ಮಾನಿಟರಿನ ತಂತಿಯನ್ನು ಡಬ್ಬದ ಹಿಂದೆ ಕಂಡ ಮೊದಲ ತೂತಿಗೆ ಚುಚ್ಚಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಫ್ಯಾನುಗಳು ಗಿರ್ರನೆ ತಿರುಗಿದವು. ಒಳಗೊಂದು ಕೆಂಪು ದೀಪ ಕಣ್ಣು ಬಿಟ್ಟಿತು. ಪರದೆ ಎಚ್ಚೆತ್ತು, "ಸಿಗ್ನಲ್ ಇಲ್ಲ" ಅಂತ ತೋರಿಸಿ ಮತ್ತೆ ಮಲಗಿತು.

ಮತ್ತೊಮ್ಮೆ ಒತ್ತಿದ. ಸಿಗ್ನಲ್ ಇಲ್ಲ.

"ಅಳಿಯಂದಿರೇ, ಆ ತಂತಿ..."

"ಅತ್ತೆ, ಒಂದ್ನಿಮಿಷ!"

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು ಪೇಪರ್ ವಾಪಸ್ ಕೊಡುವ ನೆಪದಲ್ಲಿ ಒಳಗೆ ಬಂದರು. ಅವರು ಪೇಪರ್ ತೆಗೆದುಕೊಂಡು ಹೋದದ್ದು ಯಾರಿಗೂ ನೆನಪಿರಲಿಲ್ಲ. ಮುಚ್ಚಳವಿಲ್ಲದ ಡಬ್ಬ ಕಂಡದ್ದೇ ತಡ, ಕನ್ನಡಕ ಏರಿಸಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಏನಪ್ಪಾ ಇದು, ಡಾಕ್ಟರು ಹೊಟ್ಟೆ ಕೊಯ್ದು ಊಟಕ್ಕೆ ಹೋದ ಹಾಗಿದೆ?"

ಗುಮಾಸ್ತ ರೋಗಲಕ್ಷಣ ಹೇಳಿದ. ಮೇಷ್ಟ್ರು ಎರಡೂ ಕೈ ಗಾಳಿಯಲ್ಲಿ ಎತ್ತಿದರು. ಅವರು ಕೈಯಿಲ್ಲದೆ ಮಾತಾಡಿದವರೇ ಅಲ್ಲ. ಭೂಮಿ ಅಂದರೆ ಕೈ ದುಂಡಗಾಗಬೇಕು, ಮಿಂಚು ಅಂದರೆ ಎದುರು ಕೂತವನ ಕನ್ನಡಕ ಹಾರಬೇಕು.

"ರ್ಯಾಮ್! ಅಂದ್ರೆ ಜ್ಞಾಪಕಶಕ್ತಿ. ಅದರ ಹಲ್ಲಿಗೆ ಕೊಳೆ ಕೂತಿದೆ. ಒಂದು ರಬ್ಬರ್ ಕೊಡು, ಪೆನ್ಸಿಲ್ ಅಳಿಸೋದು."

ರ್ಯಾಮ್ ಹೊರಬಂತು. ಮೇಷ್ಟ್ರು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದರು, ಊದಿದರು, ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜಿದರು. ಇಸ್ಕೂಲಿನಲ್ಲಿ ತಪ್ಪು ಉತ್ತರ ಅಳಿಸಿದಷ್ಟೇ ಶ್ರದ್ಧೆ. ಮತ್ತೆ ಕೂರಿಸಿ ಗುಂಡಿ ಒತ್ತಿದರೆ, ಫ್ಯಾನು ಗಿರ್ರ್, ಸಿಗ್ನಲ್ ಇಲ್ಲ.

"ಇನ್ನೂ ಸ್ವಲ್ಪ ಉಜ್ಜಬೇಕೇನೋ" ಅಂದರು ಮೇಷ್ಟ್ರು.

"ಆ ಪರದೆ ತಂತಿ ಇದೆಯಲ್ಲ..." ಅತ್ತೆ ಮತ್ತೆ ಶುರು ಮಾಡಿದರು.

"ಅಮ್ಮಾ, ಇದು ತಂತಿ ವಿಷಯ ಅಲ್ಲ, ಮಿದುಳಿನ ವಿಷಯ" ಅಂದರು ಮೇಷ್ಟ್ರು, ಎರಡೂ ಕೈಯಲ್ಲಿ ಒಂದು ದೊಡ್ಡ ಮಿದುಳು ತೋರಿಸುತ್ತ.

ಮಿದುಳಿನ ಗಲಾಟೆ ಕೆಳಮನೆಯ ಫ್ರಿಜ್ ಮೆಕ್ಯಾನಿಕ್‌ಗೆ ಕೇಳಿಸಿತು. ಅವನು ಸ್ಕ್ರೂ ಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡೇ ಮೇಲೆ ಬಂದ. ಅವನ ಲೋಕದಲ್ಲಿ ಇದ್ದದ್ದು ಎರಡೇ ರೋಗ: ಒಂದು ತಂಪು ಸಾಲದು, ಇನ್ನೊಂದು ಕರೆಂಟು ಸಾಲದು.

"ಬಿಸಿ ಆಗಿದೆ ಸಾರ್" ಅಂದ, ಮುಟ್ಟುವ ಮೊದಲೇ.

"ಇನ್ನೂ ಶುರುವೇ ಆಗಿಲ್ಲವಲ್ಲೋ!"

"ಒಳಗೊಳಗೇ ಬಿಸಿ ಆಗಿರುತ್ತೆ. ನಮ್ಮ ಮನೆಯವಳ ಥರ. ಮೇಲೆ ಗೊತ್ತಾಗಲ್ಲ."

ಪ್ರೊಸೆಸರ್ ಮೇಲಿನ ಫ್ಯಾನ್ ಕಿತ್ತು, ಬಿಸಿ ಎಳೆಯಲು ಅಲ್ಲಿಗೆ ಹಚ್ಚುವ ಥರ್ಮಲ್ ಪೇಸ್ಟನ್ನು ನೋಡಿ ಅವನು ಮರುಗಿದ. "ಇಷ್ಟೇ ಇಷ್ಟಾ? ಯಾರಿಗೆ ಸಾಲುತ್ತೆ ಸಾರ್ ಇದು?" ಅಂತ ಟ್ಯೂಬನ್ನು ತಳದಿಂದ ಹಿಂಡಿ ಬಳಿದ. ಹಲ್ಲುಜ್ಜಲು ಕೂತವನ ಬಾಯಿಯ ನೊರೆಯಂತೆ ಅದು ನಾಲ್ಕೂ ಕಡೆಯಿಂದ ಹೊರಗೆ ಬಂತು. ಒರೆಸುವುದರಲ್ಲೇ ಒಂದು ಗಂಟೆ ಕಳೆಯಿತು, ಗುಮಾಸ್ತನ ಒಳ್ಳೆಯ ಬನಿಯನ್ ಒಂದು ಹೋಯಿತು. ಗುಂಡಿ ಒತ್ತಿದರೆ, ಸಿಗ್ನಲ್ ಇಲ್ಲ.

"ಹಾಗಾದ್ರೆ ಕರೆಂಟು ಸಾಲ್ತಿಲ್ಲ" ಅಂದ ಮೆಕ್ಯಾನಿಕ್, ಒಂದಿಷ್ಟೂ ಅಲುಗದೆ. ಹಾಲಿನ ಆ ತುದಿಯ ಗೋಡೆಯಲ್ಲಿದ್ದ ಪ್ಲಗ್ ಪಾಯಿಂಟಿನ ಕಡೆ ನಡೆದ. ಹಾಲಿಗೆಲ್ಲ ಅದೊಂದೇ ಪಾಯಿಂಟು. ಮಾನಿಟರ್, ಕಂಪ್ಯೂಟರ್, ಇಂಟರ್ನೆಟ್ ಪೆಟ್ಟಿಗೆ ಎಲ್ಲದಕ್ಕೂ ಅಲ್ಲಿಂದಲೇ ಉದ್ದ ವಯರು ಎಳೆದದ್ದು. ಮೆಕ್ಯಾನಿಕ್ ಮೇನ್ ಆಫ್ ಮಾಡಿ ಪಾಯಿಂಟಿನ ಮುಖ ಬಿಚ್ಚಿದ, ಒಳಗಿನ ತಂತಿ ಎಳೆದು ನೋಡಿದ, "ಹೂಂ" ಅಂದ. ಆಗಲೇ ಅವನ ಫೋನು ಬಡಿದುಕೊಂಡಿತು. ಯಾವುದೋ ಅಂಗಡಿಯ ಫ್ರೀಜರ್ ನಿಂತು ಐಸ್‌ಕ್ರೀಮೆಲ್ಲ ಪಾಯಸವಾಗುತ್ತಿತ್ತು. ಅವನು ಪಾಯಿಂಟಿನ ಮುಖವನ್ನು ಗೋಡೆಗೆ ಒತ್ತಿ, ಒಂದು ಸ್ಕ್ರೂ ಹಾಕಿ, ಇನ್ನೊಂದನ್ನು ಮರೆತು ಜೇಬಿಗಿಳಿಸಿ, ಮೇನ್ ಹಾಕಿ ಓಡಿದ.

ಗಂಟೆ ಎರಡೂವರೆ. ಗುಮಾಸ್ತ ಅಂಗಡಿಯವನಿಗೆ ಫೋನ್ ಮಾಡಿದ.

"ಸಾರ್, ಎಲ್ಲಾ ಬಿಚ್ಚಿ. ಮತ್ತೆ ಜೋಡಿಸಿ. ಹತ್ತಕ್ಕೆ ಎಂಟು ಸರಿಹೋಗುತ್ತೆ."

"ಆ ಎರಡಾದ್ರೆ?"

"ಆ ಎರಡಾದ್ರೆ ಸೋಮವಾರ ಬನ್ನಿ ಸಾರ್" ಅಂದು ಅವನು ಫೋನಿಟ್ಟ.

ಸೋಮವಾರ! ಸೋಮವಾರದ ಹೊತ್ತಿಗೆ ತಂಡದ ಪಟ್ಟಿಯಲ್ಲಿ ಅವನ ಜಾಗಕ್ಕೆ ವಾಚ್‌ಮನ್ನನ ಹೆಸರು ಬಂದಿರುತ್ತದೆ. ಗುಮಾಸ್ತ ಎಲ್ಲವನ್ನೂ ಮತ್ತೆ ಸೋಫಾಕ್ಕೆ ಇಳಿಸಿದ. ಮೇಷ್ಟ್ರು ಕೈಪಿಡಿಯನ್ನು ಪರೀಕ್ಷೆಯ ಡಿಕ್ಟೇಷನ್ ಥರ ಗಟ್ಟಿಯಾಗಿ ಓದಿದರು. ಅತ್ತೆ ಮಾತ್ರ ಅತ್ತಿಂದಿತ್ತ ಓಡಾಡುತ್ತಿದ್ದರು. ಗಡಿಯಾರ ನೋಡುವುದು, ಖಾಲಿ ಮೇಜು ನೋಡುವುದು, ನೆಟಿಕೆ ಮುರಿಯುವುದು.

"ಇವತ್ತು ಮಲಗಲಿಲ್ವಾ ಅತ್ತೆ? ದಿನಾ ಈ ಹೊತ್ತಿಗೆ ನಿದ್ದೆ ಮಾಡ್ತೀರಂತಲ್ಲ" ಅಂದ ಗುಮಾಸ್ತ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು.

"ಎಲ್ಲಿ ಮಲಗೋದು? ಮೇಜು ಖಾಲಿ ಇದೆ" ಅಂದರು ಅತ್ತೆ. ವಯಸ್ಸಾದವರು ಏನೋ ಒಂದು ಹೇಳುತ್ತಿರುತ್ತಾರೆ ಅಂತ ಗುಮಾಸ್ತ ಅದನ್ನು ಅಲ್ಲಿಗೇ ಬಿಟ್ಟ.

ನಾಲ್ಕೂ ಇಪ್ಪತ್ತಕ್ಕೆ ಮತ್ತೆ ಎಲ್ಲವೂ ಡಬ್ಬದೊಳಗೆ ಸೇರಿತು. ಗುಂಡಿ ಒತ್ತಿದ. ಈ ಸಲ ಫ್ಯಾನೂ ಇಲ್ಲ, ಕೆಂಪು ದೀಪವೂ ಇಲ್ಲ. ಬೆಳಗಿನ 'ಸಿಗ್ನಲ್ ಇಲ್ಲ' ಎಂಬುದೂ ಈಗ ಒಂದು ಸೌಭಾಗ್ಯದಂತೆ ಕಂಡಿತು.

ಗುಮಾಸ್ತ ಗೋಡೆಯ ಪಾಯಿಂಟಿನತ್ತ ಓಡಿದ. ಅದು ಒಂದೇ ಸ್ಕ್ರೂ ಹಿಡಿದು ಬೀಳುವ ಹಲ್ಲಿನ ಹಾಗೆ ಜೋತಾಡುತ್ತಿತ್ತು. ಎರಡೂ ಅಂಗೈ ಊರಿ, ಪ್ಲಗ್ಗನ್ನು ಗೋಡೆಗೆ ಒತ್ತಿ, ಕೊಂಚ ಎಡಕ್ಕೆ ವಾಲಿಸಿದ. ಬೆನ್ನ ಹಿಂದೆ ಗಿರ್ರ್ ಅಂತ ಜೀವ ಬಂತು. ಅದೇ ಗಳಿಗೆಯಲ್ಲಿ ಮೇಷ್ಟ್ರು ಕಿರುಚಿದರು: "ಬಂತು! ಚಿತ್ರ ಬಂತು!"

ಗುಮಾಸ್ತ ಕತ್ತು ತಿರುಗಿಸಿದ. ಪರದೆ ಬೆಳಗುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು.

"ಒತ್ತೋದ್ರಲ್ಲಿ ಇತ್ತು ಮೇಷ್ಟ್ರೇ! ಗೋಡೇಲಿ ಇತ್ತು ರೋಗ!"

"ರಬ್ಬರಿನಿಂದ ಅಂತ ಹೇಳು. ಪರಿಣಾಮ ನಿಧಾನ, ಆದ್ರೆ ಖಂಡಿತ" ಅಂದರು ಮೇಷ್ಟ್ರು.

ಡಬ್ಬದ ಹಿಂದಿನಿಂದ ಅತ್ತೆ ನಿಧಾನಕ್ಕೆ ಎದ್ದು, ಕೈ ಧೂಳು ಕೊಡವಿಕೊಂಡರು. "ಪರದೆ ತಂತೀನ ಮೇಲಿನ ತೂತಿಂದ ತೆಗೆದು ಕೆಳಗಿನ ತೂತಿಗೆ ಹಾಕಿದೆ, ಆ ಕಾರ್ಡಿಂದು. ಬೆಳಿಗ್ಗೆಯಿಂದ ಹೇಳ್ತಾ ಇದ್ದೀನಿ. ರಾಂಗ್ ನಂಬರಿಗೆ ಕೊಟ್ರೆ ಯಾರು ಮಾತಾಡ್ತಾರೆ?"

ಮೇಷ್ಟ್ರು ರಬ್ಬರನ್ನು ಮೆಲ್ಲನೆ ಜೇಬಿಗಿಳಿಸಿದರು.

ಗುಮಾಸ್ತ ಗೋಡೆಯ ಬಳಿಯಿಂದಲೇ ಹೇಳಿಕೊಟ್ಟು, ಮೇಷ್ಟ್ರು ಗುಂಡಿ ಒತ್ತಿ, ನಾಲ್ಕೂ ಮುಕ್ಕಾಲಿಗೆ ಆಟ ತೆರೆದುಕೊಂಡಿತು. ಸೆಕೆಂಡಿಗೆ ನೂರನಲವತ್ತೆರಡು ಚಿತ್ರ ಅಂತ ಮೂಲೆಯಲ್ಲಿ ಹಸಿರು ಅಂಕಿ. ಅದನ್ನು ಹತ್ತಿರದಿಂದ ನೋಡುವ ಆಸೆಗೆ ಗುಮಾಸ್ತ ಗೋಡೆಯಿಂದ ಕೈ ತೆಗೆದ. ಟಪ್. ಕತ್ತಲಾದದ್ದು ಹಾಲಲ್ಲ, ಅವನ ಮುಖ.

"ಮೇಷ್ಟ್ರೇ, ದಯವಿಟ್ಟು ನೀವು ಹಿಡ್ಕೊಳ್ಳಿ. ಅರ್ಧ ಗಂಟೆ."

"ಅದೇನು ದೊಡ್ಡ ವಿಷಯ" ಅಂದು ಮೇಷ್ಟ್ರು ಅಂಗೈ ಊರಿದರು. ಕಂಪ್ಯೂಟರ್ ಎದ್ದಿತು. ಆಟ ತೆರೆಯಿತು. "ನೋಡಪ್ಪಾ, ಇಲ್ಲಿ ಏನಾಗ್ತಿದೆ ಅಂದ್ರೆ, ವಿದ್ಯುತ್ತು ಹೀಗೆ ಬಂದು" ಅಂತ ಎರಡೂ ಕೈ ಎತ್ತಿ ವಿದ್ಯುತ್ತನ್ನು ತೋರಿಸಿದರು. ಟಪ್.

"ಮೇಷ್ಟ್ರೇ, ಮಾತಾಡ್ಬೇಡಿ!"

"ಇಲ್ಲ ಇಲ್ಲ." ಮತ್ತೆ ಹಿಡಿದರು. ಕಂಪ್ಯೂಟರ್ ಎದ್ದಿತು. ಮೇಷ್ಟ್ರು ಬಾಯಿ ಬಿಗಿದು ನಿಂತರು. ಒಂದು ನಿಮಿಷ ನಿಂತರು. ಮುಖ ಕೆಂಪಾಯಿತು. "ಸರಿ, ಮಾತಾಡಲ್ಲ" ಅಂತ ಕೈಸನ್ನೆಯಲ್ಲಿ ಹೇಳಿದರು. ಟಪ್.

ಪೊರಕೆ ಆನಿಸಿ ನೋಡಿದ, ಜಾರಿತು. ಕುರ್ಚಿ ಒತ್ತರಿಸಿ ನೋಡಿದ, ಎಟುಕಲಿಲ್ಲ. ಕೈಪಿಡಿ ಮಡಚಿ ತುರುಕಿದ, ಅದು ಮುಂದಿನ ಪುಟ ತೆರೆದುಕೊಂಡು ಬಿತ್ತು. ನಾಲ್ಕು ಐವತ್ತೆಂಟಕ್ಕೆ ಗುಮಾಸ್ತನಿಗೆ ಸತ್ಯ ತಿಳಿಯಿತು. ಆ ಪ್ಲಗ್ಗು ಒಪ್ಪುತ್ತಿದ್ದದ್ದು ಅಲ್ಲಾಡದ ಅಂಗೈಯನ್ನು ಮಾತ್ರ. ಕೊಂಚ ಎಡಕ್ಕೆ ವಾಲಿಸಿ ಹಾಗೇ ನಿಂತುಬಿಡುವ ಆ ಹದ ಅವನೊಬ್ಬನಿಗೇ ಬಂದಿತ್ತು. ಮೇಜು ಇದ್ದದ್ದು ಹತ್ತು ಹೆಜ್ಜೆ ಆಚೆ. ಅವನೇ ಮತ್ತೆ ಅಂಗೈ ಊರಿದ, ಮೇಷ್ಟ್ರು ಆಟ ತೆರೆದರು.

ಹೆಡ್‌ಫೋನಿನಿಂದ ಜೇನುಹುಳುವಿನಂಥ ದನಿ ಕೇಳುತ್ತಿತ್ತು. ಹೆಡ್‌ಕ್ಲರ್ಕ್ ಕರೆಯುತ್ತಿದ್ದರು.

"ಅತ್ತೆ, ಸುಮ್ಮನೆ ಹೋಗಿ ಕೂತ್ಕೊಳ್ಳಿ. ಯಾರೋ ಒಬ್ರು ಇದ್ದಾರೆ ಅಂತ ಗೊತ್ತಾದ್ರೆ ಸಾಕು. ಆ ಮೆಕ್ಯಾನಿಕ್ ಬಂದ ತಕ್ಷಣ ನಾನು ಬರ್ತೀನಿ. ಏನೂ ಒತ್ತಬೇಡಿ!"

"ಆಗಲಿ" ಅಂದರು ಅತ್ತೆ. ಸ್ವೆಟರು ಕೆಳಗಿಟ್ಟು, ಕನ್ನಡಕ ಸರಿಮಾಡಿ, ಹೆಡ್‌ಫೋನ್ ಏರಿಸಿಕೊಂಡರು. ಮೂವತ್ತೆರಡು ವರ್ಷ ಅದನ್ನೇ ಹಾಕಿದ್ದ ತಲೆಗೆ ಅದು ತಾನಾಗಿ ಹೋಗಿ ಕೂತಿತು.

ಗುಮಾಸ್ತನಿಗೆ ಈಗ ಕಾಣುತ್ತಿದ್ದದ್ದು ಗೋಡೆ ಮಾತ್ರ. ಸುಣ್ಣದಲ್ಲೊಂದು ಬಿರುಕು, ಅದರ ಪಕ್ಕ ಒಂದು ಇರುವೆ. ಕೇಳುತ್ತಿದ್ದದ್ದು ಅರ್ಧ ಸಂಭಾಷಣೆ.

"ಹಲೋ. ಹೌದು, ಅವರ ಮನೆಯೇ. ಇಲ್ಲ, ಅವರು ಸ್ವಲ್ಪ ಕೆಲಸದಲ್ಲಿದ್ದಾರೆ. ನಾನು ಅವರ ಅತ್ತೆ... ಒಬ್ಬೊಬ್ರೇ ಮಾತಾಡಿ, ಎಲ್ರೂ ಒಟ್ಟಿಗೆ ಬಂದ್ರೆ ಯಾರಿಗೂ ಕೇಳಲ್ಲ. ಡ್ರೈವರ್ ಯಾರು? ನೀವಾ? ಎಡಗಡೆ ಕಿಟಕಿ ಹತ್ರ ಹೋಗಿ. ಲೈನಿನಲ್ಲೇ ಇರಿ."

"ಅತ್ತೆ! ಏನೂ ಒತ್ತಬೇಡಿ ಅಂದೆನಲ್ಲ!"

ಕೀಬೋರ್ಡಿನ ಮೇಲೆ ಪಟಪಟ ಮಳೆ ಶುರುವಾಯಿತು.

"ಕ್ಯಾಶಿಯರಮ್ಮ, ನಿಮ್ಮ ಹಿಂದೆ ಒಬ್ರು ಕಾಯ್ತಿದ್ದಾರೆ, ಸ್ವಲ್ಪ ನೋಡ್ಕೊಳ್ಳಿ. ಹಾಂ, ಮುಗೀತು. ಹೆಡ್‌ಕ್ಲರ್ಕ್ ಅವರೇ, ನೀವು ಕಿರುಚೋದು ಬೇಡ, ಬಾಗಿಲಿಂದ ಇಬ್ರು ಬರ್ತಿದ್ದಾರೆ. ಬರಲಿ. ಬರಲಿ. ಇನ್ನೂ ಬರಲಿ..."

ಪಟಪಟಪಟ.

"ಏನಾಯ್ತು? ಮೇಷ್ಟ್ರೇ, ಏನಾಯ್ತು ಹೇಳಿ!" ಗುಮಾಸ್ತ ಗೋಡೆಗೆ ಕೂಗಿದ. ಇರುವೆ ಬೆಚ್ಚಿ ಬಿರುಕಿನೊಳಗೆ ಹೋಯಿತು.

ಮೇಷ್ಟ್ರು ಎರಡೂ ಕೈಯಲ್ಲಿ ಗೋದಾಮು, ಬಾಗಿಲು, ಇಬ್ಬರು ಸೈನಿಕರು, ಅವರ ಮರಣ ಎಲ್ಲವನ್ನೂ ಬಹಳ ಚೆನ್ನಾಗಿ ತೋರಿಸಿದರು. ಗೋಡೆ ನೋಡುತ್ತಿದ್ದವನಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಐದೂ ಇಪ್ಪತ್ತೆರಡಕ್ಕೆ ಅತ್ತೆ ಕೈ ಮಡಚಿ ಕೂತರು. "ಮುಗೀತು. ಗೆದ್ವಿ. ನಿಮ್ಮ ಸಾಹೇಬರಿಗೆ ನಿಮ್ಮ ಹತ್ರ ಮಾತಾಡ್ಬೇಕಂತೆ" ಅಂದು, ಹೆಡ್‌ಫೋನಿನ ತಂತಿ ಕಿತ್ತು ಅದೇ ತೂತಿಗೆ ಸ್ಪೀಕರಿನ ತಂತಿ ಚುಚ್ಚಿ, ಮೈಕನ್ನು ಮೇಜಿನ ಮೇಲೆ ನಿಲ್ಲಿಸಿದರು.

ಹಾಲಿನ ತುಂಬ ಹೆಡ್‌ಕ್ಲರ್ಕ್ ದನಿ ಮೊಳಗಿತು. "ಕಂ... ಅಂದ್ರೆ, ರೀ! ಯಾರ್ರೀ ಈ ತಾಯಿ? ಏಳು ಜನರನ್ನ ಒಬ್ರೇ ಮುಗಿಸಿದ್ರಲ್ರೀ! ಅವರ ಕಡೆ ಇದ್ದಿದ್ದೇ ಐದು ಜನ, ಇಬ್ರು ಎರಡೆರಡು ಸಲ ಹೋದ್ರು!"

"ನಮ್ಮತ್ತೆ ಸಾರ್. ಹೊಸ ಮೆಷೀನು ನೋಡಿ, ಅದರ ವೇಗ ಹಾಗಿದೆ. ಇದರಲ್ಲಿ ಯಾರು ಕೂತ್ರೂ..."

"ಹಳೇದರಲ್ಲೂ ಹೀಗೇ ಬರ್ತಿತ್ತು" ಅಂದರು ಅತ್ತೆ. "ನನಗೆ ಮಧ್ಯಾಹ್ನ ನಿದ್ದೆ ಬರಲ್ಲ. ನೀವೆಲ್ಲ ಆಫೀಸಿಗೆ ಹೋದ ಮೇಲೆ ಒಂದರಿಂದ ಮೂರು ಆಡ್ತಿದ್ದೆ. ನಿಮ್ಮ ಹೆಸರಲ್ಲೇ. ಅದೇನೋ ಪಾಸ್‌ವರ್ಡು ಕೇಳ್ತಿರಲಿಲ್ಲ."

ಸ್ಪೀಕರಿನೊಳಗೆ ಕಾಗದ ಸರಿದ ಸದ್ದು ಬಂತು.

"ಹೌದಲ್ರೀ!" ಅಂದರು ಹೆಡ್‌ಕ್ಲರ್ಕ್. "ನಿಮ್ಮ ಸೋಲು ಗೆಲುವಿನ ಪಟ್ಟಿ ನನ್ನ ಮುಂದೇನೇ ಇದೆ. ಗೆದ್ದಿದ್ದೆಲ್ಲ ಒಂದೂ ಹತ್ತು, ಎರಡು ಗಂಟೆ, ಎರಡೂ ಮುಕ್ಕಾಲು. ಆ ಹೊತ್ತಿಗೆ ನೀವು ನನ್ನ ಎದುರುಗಡೇನೇ ಕೂತು ಕಡತಕ್ಕೆ ದಾರ ಕಟ್ತಿರ್ತೀರಲ್ಲ! ಸಂಜೆದೆಲ್ಲ ಸೋಲೇ ಸೋಲು!"

ಹದಿನೆಂಟು ವರ್ಷ ದಾಖಲೆ ವಿಭಾಗದಲ್ಲಿ ಸವೆದವನು ತನ್ನ ದಾಖಲೆಯಲ್ಲಿ ಗಂಟೆಯ ಕಾಲಂ ಒಂದನ್ನು ಓದಿರಲಿಲ್ಲ. ಗುಮಾಸ್ತ ಗೋಡೆಗೆ ಹಣೆ ತಾಗಿಸಿದ.

"ಹಾಗಾದ್ರೆ ಹಳೇ ಕಂಪ್ಯೂಟರ್... ಅವತ್ತು ಬಾಗಿಲ ಹತ್ರ ನಿಂತಿದ್ದು..."

"ಕಂಪ್ಯೂಟರ್ ನಿಲ್ಲಲಿಲ್ಲ ಅಳಿಯಂದಿರೇ" ಅಂದರು ಅತ್ತೆ, ಅದೇ ಏರದ ಇಳಿಯದ ದನಿಯಲ್ಲಿ. "ನಾನು ಹಿಂದೇನೇ ಕೂತು ನೋಡ್ತಿದ್ದೆ. ಅವರು ನುಗ್ಗಿದ ತಕ್ಷಣ ನೀವು ಅಯ್ಯೋ ಅಂತ ಎರಡೂ ಕೈ ತಲೆ ಮೇಲೆ ಇಟ್ಕೊಂಡುಬಿಟ್ರಿ. ಗುಂಡಿ ಒತ್ತೋರು ಯಾರು?"

ಸ್ಪೀಕರಿನಲ್ಲಿ ಡ್ರೈವರ್ ಕೆಮ್ಮಿದ. ಅದು ಕೆಮ್ಮಾಗಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ ಫ್ರಿಜ್ ಮೆಕ್ಯಾನಿಕ್ ಬಾಗಿಲಲ್ಲಿ ಕಾಣಿಸಿಕೊಂಡ. ಎರಡು ಬೆರಳ ನಡುವೆ ಒಂದು ಪುಟ್ಟ ಸ್ಕ್ರೂ ಹಿಡಿದಿದ್ದ. "ಸಾರ್, ಇದು ನಿಮ್ಮನೇದು ಅನ್ಸುತ್ತೆ. ಜೇಬಲ್ಲೇ ಬಂದುಬಿಟ್ಟಿತ್ತು. ಎರಡು ನಿಮಿಷ, ಪಾಯಿಂಟು ಬಿಗಿ ಮಾಡ್ತೀನಿ."

ಆ ಸ್ಕ್ರೂ ಗುಮಾಸ್ತನ ಕಣ್ಣಿಗೆ ಚಿನ್ನದಂತೆ ಹೊಳೆಯಿತು. ತೋಳು ಮರಗಟ್ಟಿತ್ತು, ಮೂಗಿನ ತುದಿ ತುರಿಸುತ್ತಿತ್ತು. "ಬಾರಪ್ಪಾ, ಬೇಗ ಬಾ. ಇದನ್ನ ಬಿಗಿ ಮಾಡಿಬಿಡು, ಮುಂದಿನ ಆಟ ನಾನೇ..."

"ಯಾರದು? ಏನದು? ಏನು ಬಿಗಿ ಮಾಡೋದು?" ಸ್ಪೀಕರ್ ಗುಡುಗಿತು.

ಮೇಷ್ಟ್ರು ಮೈಕಿನ ಮುಂದೆ ಬಾಗಿ, ಗುಮಾಸ್ತ ಎಲ್ಲಿ ನಿಂತಿದ್ದಾನೆ, ಏಕೆ ನಿಂತಿದ್ದಾನೆ, ಯಾವ ಕೋನದಲ್ಲಿ ಒತ್ತಿದ್ದಾನೆ ಎಂಬುದನ್ನೆಲ್ಲ ಕೈಸನ್ನೆ ಸಮೇತ ವಿವರಿಸಿದರು.

"ಮುಟ್ಟಬೇಡಿ!" ಹೆಡ್‌ಕ್ಲರ್ಕ್ ದನಿ ಗಾಬರಿಯಿಂದ ಸೀಳಿತು. ಅವರು ಪಂದ್ಯ ಗೆದ್ದ ದಿನ ಹಾಕಿದ್ದ ಸ್ವೆಟರನ್ನು ಮುಂದಿನ ಪಂದ್ಯದವರೆಗೆ ಒಗೆಯದವರು. ಈಗಲೂ ಅದರಲ್ಲೇ ಬೇಯುತ್ತ ಕೂತಿದ್ದರು. "ಗೆದ್ದ ಮೇಲೆ ಒಂದು ಕಡ್ಡಿ ಕೂಡ ಅಲ್ಲಾಡಬಾರದು! ಇನ್ನು ಎರಡು ನಿಮಿಷಕ್ಕೆ ಫೈನಲ್. ಅದೇ ಮೆಷೀನು, ಅದೇ ತಾಯಿ, ಅದೇ ಪ್ಲಗ್ಗು, ಅದೇ ಕೈ. ಆ ಸ್ಕ್ರೂ ವಾಪಸ್ ಜೇಬಿಗೆ ಹಾಕ್ಕೊಳ್ಳಯ್ಯಾ ನೀನು, ಯಾರೇ ಆಗಿರು!"

"ಹಾಕ್ಕೊಂಡೆ ಸಾರ್" ಅಂದ ಮೆಕ್ಯಾನಿಕ್, ಸ್ಪೀಕರಿಗೆ ಸೆಲ್ಯೂಟ್ ಹೊಡೆದು.

"ಸಾರ್, ನಾನು ತಂಡದಲ್ಲಿ..." ಗುಮಾಸ್ತನ ದನಿ ಗೋಡೆಗೆ ಬಡಿ‌ದು ಅವನಿಗೇ ವಾಪಸಾಯಿತು.

"ತಂಡದಲ್ಲೇ ಇದ್ದೀರಿ! ನಿಮ್ಮಷ್ಟು ಮುಖ್ಯ ಯಾರೂ ಇಲ್ಲ! ವಾಚ್‌ಮನ್ನನ್ನ ಕರೆಸಿದ್ರೂ ಇಷ್ಟು ಚೆನ್ನಾಗಿ ನಿಲ್ತಿರಲಿಲ್ಲ!"

ತೆರೆದಿದ್ದ ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಭುಜದಲ್ಲಿ ಚೀಲ, ಮುಖದಲ್ಲಿ ಒಂದಿಡೀ ಶಿಫ್ಟಿನ ಆಯಾಸ. ಸೋಫಾದ ಮೇಲೆ ಪೇಸ್ಟು ಮೆತ್ತಿದ ಬನಿಯನ್. ನೆಲದ ತುಂಬ ಡಬ್ಬಿ, ರಟ್ಟು, ರಬ್ಬರಿನ ಪುಡಿ. ಮೇಜಿನ ಮುಂದೆ ನೆಟಿಕೆ ಮುರಿಯುತ್ತ ಅಮ್ಮ. ಅವರ ಒಂದು ಪಕ್ಕ ಮೇಷ್ಟ್ರು, ಇನ್ನೊಂದು ಪಕ್ಕ ಮೆಕ್ಯಾನಿಕ್. ಹತ್ತು ಹೆಜ್ಜೆ ಆಚೆ, ಎಲ್ಲರಿಗೂ ಬೆನ್ನು ಹಾಕಿ, ಎರಡೂ ಕೈ ಗೋಡೆಗೆ ಊರಿ, ಅಲ್ಲಾಡದೆ ಗಂಡ.

ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಂದು ಕ್ಷಣ ನೋಡಿದಳು. ಆಮೇಲೆ, ಮೈಕು ನಿಂತಿದ್ದ ಮೇಜಿನ ಪಕ್ಕದಲ್ಲೇ ಹಾದು ಬರುತ್ತ, ಇಡೀ ದಿನದಲ್ಲಿ ಅತ್ಯಂತ ಸಹಜವಾದ ಪ್ರಶ್ನೆ ಕೇಳಿದಳು.

"ಇದೇನ್ರೀ ಇದು, ಕಂಬದ ಥರ ನಿಂತಿದ್ದೀರಾ?"

ಸ್ಪೀಕರ್ ಒಡೆದುಹೋಯಿತೇನೋ ಅನ್ನುವ ಹಾಗೆ ನಾಲ್ಕು ಜನ ಒಟ್ಟಿಗೆ ನಕ್ಕರು. ಡ್ರೈವರ್ ಬಿದ್ದು ಬಿದ್ದು ನಗುವುದು ಬೇರೆಯೇ ಕೇಳಿಸಿತು. "ಮನೇಲೂ ಅದೇ ಹೆಸರಾ ಸಾರ್?" ಅಂದಳು ಕ್ಯಾಶಿಯರ್. ಹೆಂಡತಿ ಸ್ಪೀಕರನ್ನು ನೋಡಿದಳು, ಗಂಡನ ಬೆನ್ನನ್ನು ನೋಡಿದಳು. ಅವಳ ತುಟಿಯಂಚಿನಲ್ಲಿ ನಿಧಾನವಾಗಿ ಏನೋ ಅರಳತೊಡಗಿತು. ಗುಮಾಸ್ತನಿಗೆ ಅದು ಕಾಣಲಿಲ್ಲ, ಆದರೆ ಬೆನ್ನಿಗೆ ತಟ್ಟಿತು.

ಕಿವಿ ಮುಚ್ಚಿಕೊಳ್ಳೋಣವೆಂದು ಅವನು ಒಂದು ಕೈ ಸಡಿಲಿಸಿದ. ಫ್ಯಾನುಗಳು ಒಮ್ಮೆ ತಡವರಿಸಿದವು.

"ಅಳಿಯಂದಿರೇ, ಕೈ ತೆಗೀಬೇಡಿ" ಅಂದರು ಅತ್ತೆ, ಹೆಡ್‌ಫೋನ್ ಮತ್ತೆ ಏರಿಸಿಕೊಳ್ಳುತ್ತ. "ಫೈನಲ್ ಶುರು ಆಯ್ತು. ಲೈನಿನಲ್ಲೇ ಇರಿ."